ಮೂವತ್ತೊಂದು ಸಂಖ್ಯೆಗಳ ಸ್ನೇಹ

ದೊಡ್ಡ ಬ್ಯಾಂಕುಗಳಲ್ಲಿ ಮಾಹಿತಿ ಒಂದೊಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತಿರುವುದಿಲ್ಲ. ನೂರಾರು ಸರ್ವರ್‌ಗಳು ಪ್ರತ್ಯೇಕ ಜಾಲವೊಂದರ ಮೂಲಕ ಡಿಸ್ಕ್‌ಗಳ ಉಗ್ರಾಣವನ್ನು ಹಂಚಿಕೊಳ್ಳುತ್ತವೆ. ಈ ಜಾಲದ ಭಾಷೆಯಾದ ಫೈಬರ್ ಚಾನೆಲ್‌ಗೆ 1994ರಲ್ಲೇ ಅಮೆರಿಕದಲ್ಲಿ ಮಾನಕದ ಮುದ್ರೆ ಬಿತ್ತು. 1997ರಲ್ಲಿ ಸ್ನಿಯಾ ಎಂಬ ಉದ್ಯಮ ಕೂಟ ಹುಟ್ಟಿ, ಪೈಪೋಟಿಗಾರರೆಲ್ಲ ಒಂದೇ ಪಂಕ್ತಿಯಲ್ಲಿ ಕೂತರು. ಆದರೂ ಜಾಲದ ತಂತಿಗಳು ಸೇರುವ ಪೆಟ್ಟಿಗೆಯಾದ ಸ್ವಿಚ್ಚಿನ ವಿಷಯದಲ್ಲಿ, ಒಬ್ಬರದಕ್ಕೆ ಇನ್ನೊಬ್ಬರದನ್ನು ಕೂಡಿಸುವುದು ವರ್ಷಗಟ್ಟಲೆ ತಲೆನೋವಾಗಿಯೇ ಉಳಿಯಿತು. ಜಾಲದ ಪ್ರತಿ ಸ್ವಿಚ್‌ಗೂ ಒಂದು ಡೊಮೈನ್ ಸಂಖ್ಯೆ ಬೇಕು. ಮಾನಕ 239 ಸಂಖ್ಯೆಗಳಿಗೆ ಅವಕಾಶ ಕೊಟ್ಟಿತ್ತು. ಮ್ಯಾಕ್‌ಡೇಟಾ ಎಂಬ ಕಂಪನಿಯ ಸ್ವಿಚ್‌ಗಳು ಬಳಸುತ್ತಿದ್ದದ್ದು 31 ಮಾತ್ರ. ಹಾಗಾಗಿ ಅವುಗಳ ಜೊತೆ ಬೆರೆಯಬೇಕಾದ ಬೇರೆ ಕಂಪನಿಯ ಸ್ವಿಚ್ಚು ‘ಇಂಟರಾಪ್ ಮೋಡ್’ ಎಂಬ ಹೊಂದಾಣಿಕೆಯ ಸ್ಥಿತಿಗೆ ಇಳಿದು, 97ರಿಂದ 127ರೊಳಗಿನ ಸಂಖ್ಯೆ ಹಿಡಿದು, ತನ್ನ ಎಷ್ಟೋ ವಿಶೇಷ ಸೌಲಭ್ಯಗಳನ್ನು ಬಿಟ್ಟುಕೊಡಬೇಕಿತ್ತು. ಸ್ನೇಹಕ್ಕೆ ತೆರಬೇಕಾದ ದಂಡ! ಕೊನೆಗೆ 2007ರಲ್ಲಿ ಪ್ರತಿಸ್ಪರ್ಧಿ ಸ್ವಿಚ್ ಕಂಪನಿ ಬ್ರೊಕೇಡ್ ಮ್ಯಾಕ್‌ಡೇಟಾವನ್ನೇ ಕೊಂಡುಬಿಟ್ಟಿತು.

ಕೂಟಗಳು ಬರೀ ನಾಟಕ ಎಂದು ಇದರಿಂದ ತೀರ್ಮಾನಿಸಿದರೆ ಅವಸರವಾದೀತು. ಕೇಳಬೇಕಾದದ್ದು ಒಂದೇ: ಹೊಂದದಿದ್ದರೆ ನಷ್ಟ ಯಾರಿಗೆ? ಫೈಬರ್ ಚಾನೆಲ್‌ನಲ್ಲಿ ಅದು ಗ್ರಾಹಕನ ತಲೆಗೆ ಬೀಳುತ್ತಿತ್ತು. ಮಾರಾಟಗಾರ ತನ್ನ ಹೊಂದಾಣಿಕೆ ಪಟ್ಟಿ ತೋರಿಸಿ, ಪಟ್ಟಿಯಲ್ಲಿಲ್ಲದ್ದಕ್ಕೆ ತಾನು ಹೊಣೆಯಲ್ಲ ಎನ್ನಬಹುದಿತ್ತು. ಕಂಪ್ಯೂಟರು ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್‌ನೊಡನೆ ಮಾತಾಡಲು 2011ರಲ್ಲಿ ಬಂದ ಎನ್‌ವಿಎಂಇ ಮಾನಕದ ಕಥೆ ಬೇರೆ. ಅದರ ಡ್ರೈವರ್ 2012ರಲ್ಲಿ ಲಿನಕ್ಸ್‌ನೊಳಗೆ, ಮರುವರ್ಷ ವಿಂಡೋಸ್ 8.1ರೊಳಗೆ ಸೇರಿತು. ಆ ಸಾಮಾನ್ಯ ಡ್ರೈವರ್‌ಗೆ ಒಗ್ಗದ ಎಸ್‌ಎಸ್‌ಡಿ ಅಂಗಡಿಗೇ ವಾಪಸ್ಸು, ನಷ್ಟ ತಯಾರಕನಿಗೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಪ್ರತಿಸ್ಪರ್ಧಿಗಳು ತಮ್ಮ ಸಾಮಾನು ತಂದು ಪರೀಕ್ಷೆಗೆ ಒಡ್ಡುತ್ತಾರೆ, ಪಾಸಾದವುಗಳ ಪಟ್ಟಿ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ.

ಬ್ಯಾಂಕಿನ ಲೆಕ್ಕ ಕೆಟ್ಟರೆ ಡಿಸ್ಕ್ ವಾಪಸ್ಸು ಮಾಡಿದಷ್ಟು ಸುಲಭವೇ, ಪರೀಕ್ಷಿಸದ ಜೋಡಣೆಗೆ ತಯಾರಕ ಹೊಣೆ ಹೊರಬೇಕೇಕೆ ಎಂಬ ಆಕ್ಷೇಪವಿದೆ. ನ್ಯಾಯವಾದ ಮಾತೇ. ಆದರೆ ಎಚ್ಚರಿಕೆಗೂ ಬೇಲಿಗೂ ವ್ಯತ್ಯಾಸವಿದೆ: 239ರ ಜಾಗದಲ್ಲಿ 31 ಸಂಖ್ಯೆ ಉಳಿಸಿಕೊಂಡರೆ ಯಾರ ಲೆಕ್ಕವೂ ಭದ್ರವಾಗುವುದಿಲ್ಲ. ಎಲ್ಲರಿಗೂ ಒಂದೇ ಅಳತೆಯಾದರೆ ಹೊಸತನ ಸಾಯುತ್ತದೆ ಎನ್ನುವವರಿಗೂ ಎಸ್‌ಎಸ್‌ಡಿಯೇ ಉತ್ತರ. ತಯಾರಕರ ಪೈಪೋಟಿ ಅಲ್ಲಿ ವೇಗಕ್ಕೂ ಬೆಲೆಗೂ ಹರಿಯಿತು. 2016ರಲ್ಲಿ ಇದೇ ಎನ್‌ವಿಎಂಇ ಕಂಪ್ಯೂಟರಿನ ಪೆಟ್ಟಿಗೆಯಿಂದ ಹೊರಬಂದು ಈಥರ್ನೆಟ್, ಫೈಬರ್ ಚಾನೆಲ್ ಜಾಲಗಳ ಮೇಲೂ ಓಡುವ ಮಾನಕವಾಯಿತು. ಅಂದರೆ ನಡುವೆ ಮತ್ತೆ ಸ್ವಿಚ್ಚುಗಳು, ಅವುಗಳ ಜೊತೆಗೇ ಪಟ್ಟಿ ಹಿಡಿದ ಮಾರಾಟಗಾರ.