ಟಿಕೆಟ್ ಐತಿ, ಇವತ್ತು ಹೋಗಾಕ ಆಗಂಗಿಲ್ಲ: ಮುಂದೇನು?

ರೋಣ, ನರಗುಂದ, ಗಜೇಂದ್ರಗಡದ ಕಡೆ ಜಾತ್ರಿಗೆ ಕಂಪನಿ ನಾಟಕ ಬಂದರೆ ಅವತ್ತಿನ ಟಿಕೆಟ್ ಅವತ್ತೇ ತಗೋತೀವಿ. ಬದಲಾಯಿಸೋ ಮಾತೇ ಇಲ್ಲ. ಆದರೆ 1985ರಲ್ಲಿ ಶುರುವಾದ ನೀನಾಸಂ ತಿರುಗಾಟದಂಥ ತಂಡ ಬಂದು, ದಿನಕ್ಕೊಂದು ನಾಟಕ ಆಡಿ, ಸಂಘಟಕರು ಎಲ್ಲಾದಕ್ಕೂ ಸೇರಿಸಿ ಸೀಸನ್ ಟಿಕೆಟ್ ಮಾರಿದರೆ? ಹೊಲದ ಕೆಲಸ ಬಂದು ಒಂದು ದಿನ ತಪ್ಪಿದರೆ?

ಲೆಕ್ಕ ಸರಳ ಐತಿ. ಪರದೆ ಎದ್ದ ಮೇಲೆ ಖಾಲಿ ಕುರ್ಚಿಗೆ ಬೆಲೆ ಇಲ್ಲ. ಹಿಂದಿನ ದಿನವೇ ತಿಳಿಸಿದರೆ ಅದನ್ನ ಇನ್ನೊಬ್ಬರಿಗೆ ಮಾರಬಹುದು, ನಿಮಗೂ ಬೇರೆ ದಿನ ಕೊಡಬಹುದು. ಆಟ ಮುಗಿದ ಮೇಲೆ ಕೇಳಿದರೆ ಆ ನಷ್ಟ ತಂಡದ ಮೇಲೆ ಬೀಳತೈತಿ.

ಸಂಘಟಕರಿಗೆ ನಾನು ಹೇಳೋದು ಇಷ್ಟೇ: ಗಡುವನ್ನ ಟಿಕೆಟ್ ಮೇಲೇ ಅಚ್ಚು ಹಾಕ್ರಿ. ಹಳೇದು ವಾಪಸ್ ತಗೊಂಡೇ ಹೊಸದು ಕೊಡ್ರಿ. ಇಲ್ಲಾಂದ್ರೆ ಒಂದೇ ಕುರ್ಚಿಗೆ ಇಬ್ಬರು ಬಂದು ನಿಲ್ತಾರ.