ಬಿಲ್ಲಿನಲ್ಲಿ ಬಾರದ ಖರ್ಚು

ಆಸ್ಪತ್ರೆ ನೆರವಿಗೆ ದಾನ ನೀಡುವ ಸಹೋದರರು, ಅದರಲ್ಲೂ ಕೊಲ್ಲಿ ರಾಷ್ಟ್ರಗಳಲ್ಲಿರುವವರು, ಮೊದಲು ಕೇಳುವುದು “ಬಿಲ್ ಎಷ್ಟಾಗಿದೆ?” ಎಂದು. ಕೇಳುವುದು ಸರಿಯೇ. ಆದರೆ ಈ ವರ್ಷ ಬಿಲ್ಲಿನಲ್ಲಿ ಬಾರದ ಖರ್ಚಿನ ಬಗ್ಗೆಯೂ ತಮ್ಮಲ್ಲಿ ಹೇಳಿಕೊಳ್ಳಬೇಕಾಗಿದೆ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಆರಂಭವಾಯಿತು. ಇದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಜೊತೆಯಲ್ಲಿರಲಿ. ತುರ್ತು ಸಂದರ್ಭವಲ್ಲದಿದ್ದರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಚಿಕಿತ್ಸೆ ಲಭ್ಯವಿಲ್ಲವೆಂದಾದರೆ ರೆಫರಲ್ ಪತ್ರ ಪಡೆಯಬೇಕು. ಹಲವರು ಪತ್ರವಿಲ್ಲದೆ ಖಾಸಗಿ ಆಸ್ಪತ್ರೆಗೆ ದಾಖಲಾಗಿ, ಬಿಲ್ ಕೈಗೆ ಬಂದ ಮೇಲೆ ನಮಗೆ ಫೋನ್ ಮಾಡುತ್ತಾರೆ. ದಯವಿಟ್ಟು ಹೊರಡುವ ಮುಂಚೆಯೇ ಮಾಡಿ.

ಯೋಜನೆ ರೋಗಿಯ ಚಿಕಿತ್ಸೆಯನ್ನು ನೋಡಿಕೊಳ್ಳುತ್ತದೆ. ಪಕ್ಕದಲ್ಲಿ ಕುಳಿತವರನ್ನಲ್ಲ. ಮಂಗಳೂರಿನ ಆಸ್ಪತ್ರೆಗಳಿಗೆ ಕೊಡಗು, ಚಿಕ್ಕಮಗಳೂರು, ಕಾಸರಗೋಡಿನಿಂದ ಬಂದವರಿಗೆ ದಿನಾ ಊರಿಗೆ ಹೋಗಿಬರಲು ಆಗುವುದಿಲ್ಲ. ರೋಗಿಗೆ ಕೊಟ್ಟ ಗಂಜಿಯಲ್ಲಿ ಉಳಿದದ್ದನ್ನು ಕುಡಿದು, ಮಧ್ಯಾಹ್ನ ಊಟವಾಯಿತು ಎಂದು ಮನೆಗೆ ಫೋನಿನಲ್ಲಿ ಹೇಳುವ ತಾಯಂದಿರನ್ನು ನಮ್ಮ ಸ್ವಯಂಸೇವಕರು ಕಂಡಿದ್ದಾರೆ.  ಬೀಡಿ ಕಟ್ಟುವವರಿಗೆ ಎಲೆ ಕತ್ತರಿಸದ ದಿನ ಆದಾಯವಿಲ್ಲ. ಹತ್ತು ದಿನ ವಾರ್ಡಿನಲ್ಲಿ ಕಳೆದು ಬರುವಾಗ ಕಿವಿಯ ಓಲೆ ಅಡವಿಗೆ ಹೋಗಿರುತ್ತದೆ. ಈ ಯಾವುದಕ್ಕೂ ರಶೀದಿ ಇರುವುದಿಲ್ಲ.

ಆದ್ದರಿಂದ ರಾತ್ರಿಯ ಊಟ, ಬಸ್ ಖರ್ಚು, ರಕ್ತ ಬೇಕಾದಾಗ ಯುವಕರನ್ನು ಕರೆತರುವುದು, ಯಾವ ಕೌಂಟರಿನಲ್ಲಿ ಯಾವ ಕಾಗದ ಕೊಡಬೇಕೆಂದು ಜೊತೆ ನಿಂತು ತೋರಿಸುವುದು ಇವನ್ನೂ ನೆರವಿನಲ್ಲಿ ಸೇರಿಸಿದ್ದೇವೆ. ಕೊನೆಯದಕ್ಕೆ ಹಣವೇ ಬೇಡ, ಓದು ಬರಹ ಬಲ್ಲ ಒಬ್ಬರ ಅರ್ಧ ದಿನ ಸಾಕು.

ಲೆಕ್ಕದ ಬಗ್ಗೆ ಒಂದು ಮಾತು. ಝಕಾತ್ ಹಣವನ್ನು ಅದರ ಹಕ್ಕುದಾರರಿಗೆ ಮಾತ್ರ ಕೊಡುತ್ತೇವೆ. ಕುರ್‌ಆನ್ ಹೇಳಿದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಇದ್ದಾರೆ; ಚಿಕಿತ್ಸೆಗಾಗಿ ಸಾಲ ಮಾಡಿದ ಬಡವರನ್ನು ಆ ನೆಲೆಯಲ್ಲಿ ಪರಿಗಣಿಸುತ್ತೇವೆ. ವಾರ್ಡಿನ ಊಟ ಮಾತ್ರ ಸದಕಾ ಹಣದ್ದು, ಏಕೆಂದರೆ ಅಲ್ಲಿ ಜಾತಿ ಧರ್ಮ ಕೇಳಿ ಬಡಿಸುವುದಿಲ್ಲ. ಎರಡಕ್ಕೂ ಪ್ರತ್ಯೇಕ ಖಾತೆಯಿದೆ. ಹಣ ಕಳುಹಿಸುವಾಗ ಯಾವುದೆಂದು ಬರೆದರೆ ಉಪಕಾರ.

ವಿದ್ಯಾರ್ಥಿವೇತನದ ಕುಟುಂಬಗಳಿಗೂ ಇದರಲ್ಲಿ ವಿಷಯವಿದೆ. ಕಳೆದ ಸಾಲಿನಲ್ಲಿ ಪಿಯುಸಿ ವಿದ್ಯಾರ್ಥಿಯೊಬ್ಬನ ಅರ್ಜಿ ಅವಧಿ ಮೀರಿ ಬಂತೆಂದು ನಾವು ತಿರಸ್ಕರಿಸಿದೆವು. ಆ ಮೂರು ವಾರ ಆತ ತಂದೆಯ ಜೊತೆ ಆಸ್ಪತ್ರೆಯಲ್ಲಿದ್ದನೆಂದು ಆಮೇಲೆ ತಿಳಿಯಿತು. ಅರ್ಜಿಯಲ್ಲಿ ಕಾರಣ ಬರೆಯಲು ಜಾಗವೇ ಇರಲಿಲ್ಲ, ನಾವೂ ವಿಚಾರಿಸಲಿಲ್ಲ. ತಪ್ಪು ನಮ್ಮದು. ಅವನ ಶುಲ್ಕವನ್ನು ನಂತರ ಕಟ್ಟಿದರೂ ಅಷ್ಟರಲ್ಲಿ ಒಂದು ಪರೀಕ್ಷೆ ತಪ್ಪಿಹೋಗಿತ್ತು.

ಈ ಸಲದ ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಸೇರಿಸಿದ್ದೇವೆ. ಮನೆಯಲ್ಲಿ ಯಾರಾದರೂ ಆಸ್ಪತ್ರೆಗೆ ದಾಖಲಾಗಿದ್ದರೆ ಅಲ್ಲಿ ಬರೆದು ಡಿಸ್ಚಾರ್ಜ್ ಚೀಟಿಯ ಪ್ರತಿ ಲಗತ್ತಿಸಿ. ಇನ್ನೂ ಡಿಸ್ಚಾರ್ಜ್ ಆಗಿರದಿದ್ದರೆ ದಾಖಲಾತಿ ಚೀಟಿ ಸಾಕು. ಕೊನೆಯ ದಿನಾಂಕ ಕಳೆದಿದ್ದರೂ ಅಂಥ ಅರ್ಜಿಯನ್ನು ಸ್ವೀಕರಿಸುತ್ತೇವೆ.