ರಕ್ಷಣಾ ಆದೇಶದ ವಿಚಾರಣೆಯಲ್ಲಿ ಸುಳ್ಳು ಸಾಕ್ಷ್ಯ

ಮನೆಯೊಳಗಿನ ಹಿಂಸೆಗೆ ಹೊರಗಿನ ಸಾಕ್ಷಿಗಳು ವಿರಳ. ಮಹಾನಗರದ ಎರಡು ಕೋಣೆಗಳ ಬಿಡಾರದಲ್ಲಿ ನಡೆದುದನ್ನು ಬಲ್ಲವರು ಆ ಮನೆಯವರೇ; ನ್ಯಾಯಾಲಯದಲ್ಲಿ ನುಡಿಯಬೇಕಾದವರೂ ಅವರೇ. ಆದುದರಿಂದ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮದ ವಿಚಾರಣೆಗಳಲ್ಲಿ ಸುಳ್ಳು ಸಾಕ್ಷ್ಯದ ಭಯ ಉಭಯ ಪಕ್ಷಗಳಿಗೂ ಇರುತ್ತದೆ. ಪೆಟ್ಟು ತಿಂದವಳನ್ನು ‘ತಾನೇ ಜಾರಿ ಬಿದ್ದಳು’ ಎನ್ನುವ ನೆಂಟರುಂಟು. ಬೀಳದ ಪೆಟ್ಟನ್ನು ಪ್ರಮಾಣಪತ್ರದಲ್ಲಿ ಬರೆಸುವವರೂ ಇಲ್ಲವೆನ್ನಲಾಗದು.

ಅಧಿನಿಯಮದ 23ನೆಯ ಕಲಮಿನಂತೆ, ಎದುರು ಪಕ್ಷವನ್ನು ಕೇಳುವ ಮೊದಲೇ, ಪ್ರಮಾಣಪತ್ರದ ಆಧಾರದಿಂದ ಮ್ಯಾಜಿಸ್ಟ್ರೇಟರು ಆದೇಶ ನೀಡಬಹುದು. ಪ್ರಾಣಭಯವಿರುವಲ್ಲಿ ಇದು ಅವಶ್ಯವೇ ಸರಿ. ಆದೇಶವು ಸುಳ್ಳಿನ ಮೇಲೆ ನಿಂತಿದೆಯೆಂದು ತೋರಿದರೂ ಅದನ್ನು ಮೀರಕೂಡದು. ಮೀರಿದರೆ 1 ವರ್ಷದವರೆಗೆ ಸೆರೆ, 20,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನಗಳ ಅವಧಿಯುಂಟು.

ಸುಳ್ಳು ನುಡಿದವರ ಮೇಲೆ ಅಲ್ಲಿಯೇ ಕೂಗಾಡುವುದರಿಂದ ಹಾನಿಯೇ ಹೆಚ್ಚು. ಪಾಟೀಸವಾಲಿಗೆ ಸಿದ್ಧತೆ ಬೇಕು. ಸಾಕ್ಷಿಯು ಹಿಂದೆ ಬರೆದುಕೊಟ್ಟ ಹೇಳಿಕೆಯನ್ನು ಮುಂದಿಟ್ಟು ಇಂದಿನ ಮಾತಿನೊಡನೆ ಹೋಲಿಸಿ ಕೇಳಬಹುದು. ‘ಆ ದಿನ ಊರಿನಲ್ಲಿರಲಿಲ್ಲ’ ಎನ್ನುವವನಿಗೆ ಕಚೇರಿಯ ಹಾಜರಿ ಪುಸ್ತಕ ಉತ್ತರ ಹೇಳೀತು. ಎಲ್ಲಕ್ಕಿಂತ ಬೆಲೆಯುಳ್ಳದ್ದು ವೈದ್ಯರ ಚೀಟಿ. ಗಾಯವಾದ ದಿನವೇ ಆಸ್ಪತ್ರೆಗೆ ಹೋಗಿ, ಆದುದನ್ನು ಆದಂತೆ ಹೇಳಿ, ಗಾಯದ ಜಾಗ, ಅಳತೆ, ಬಣ್ಣಗಳನ್ನು ಬರೆಯಿಸಿಕೊಳ್ಳಬೇಕು. ಲಜ್ಜೆಯಿಂದ ‘ಬಾಗಿಲು ತಗುಲಿತು’ ಎಂದು ಹೇಳಿಬಿಟ್ಟರೆ, ಅದೇ ಚೀಟಿಯನ್ನು ಮುಂದೆ ಎದುರು ವಕೀಲರು ಓದಿ ತೋರಿಸುವರು. ಮೊಬೈಲಿನ ಸಂದೇಶಗಳ ಪ್ರತಿಯ ಜೊತೆಗೆ ಕಾನೂನು ವಿಧಿಸಿದ ದೃಢೀಕರಣ ಪತ್ರವಿರಬೇಕು. ಆದಾಯ ಮುಚ್ಚಿಡುವ ಸುಳ್ಳಿಗೆ ಮದ್ದಾಗಿ, ಜೀವನಾಂಶದ ಪ್ರಕರಣಗಳಲ್ಲಿ ಉಭಯರೂ ಆಸ್ತಿ ಮತ್ತು ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ.

ಹೊರನಾಡ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಕನ್ನಡದ ನುಡಿ ಮರಾಠಿಗೋ ತಮಿಳಿಗೋ ಇಂಗ್ಲಿಷಿಗೋ ಹೋಗುವಾಗ ‘ತಳ್ಳಿದ’ ಎಂಬುದು ‘ಹೊಡೆದ’ ಎಂದಾದರೆ, ನಿಜ ನುಡಿದವಳೇ ಸುಳ್ಳುಗಾತಿಯೆನಿಸುವಳು. ದಾಖಲಾದುದನ್ನು ಓದಿಸಿ ಕೇಳಿ, ತಪ್ಪಿದ್ದರೆ ಸಹಿಗೆ ಮೊದಲೇ ತಿಳಿಸುವುದು ಒಳಿತು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 229ನೆಯ ಕಲಮಿನಂತೆ, ನ್ಯಾಯಾಲಯದ ವ್ಯವಹರಣೆಯಲ್ಲಿ ಬೇಕೆಂದೇ ಸುಳ್ಳು ಸಾಕ್ಷ್ಯ ಕೊಟ್ಟವರಿಗೆ 7 ವರ್ಷಗಳವರೆಗೆ ಸೆರೆ ಮತ್ತು 10,000 ರೂಪಾಯಿಯವರೆಗೆ ದಂಡ. ಇದಕ್ಕಾಗಿ ಪೊಲೀಸ್ ಠಾಣೆಗೆ ಹೋಗಿ ಫಲವಿಲ್ಲ. ಅದೇ ನ್ಯಾಯಾಲಯಕ್ಕೆ ಅರ್ಜಿ ಕೊಡಬೇಕು. ನ್ಯಾಯದ ಹಿತಕ್ಕೆ ಅವಶ್ಯವೆಂದು ಕಂಡರೆ ಮಾತ್ರ ಅದು ದೂರು ಹೂಡುತ್ತದೆ. ತಾರೀಖಿನ ಸಣ್ಣ ವ್ಯತ್ಯಾಸಕ್ಕೆ, ಮರೆತ ಮಾತಿಗೆ ಹಾಗೆ ಮಾಡುವುದಿಲ್ಲ.